ರುಚಿಗೆ ತಕ್ಕಷ್ಟು ಉಪ್ಪು

ಅಡುಗೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಮೊದಲ ಸಲ ಒಲೆಯೆದುರು ನಿಂತವರಿಗೆ ಒಂದು ಸಂಕಟ ತಪ್ಪಿದ್ದಲ್ಲ. ‘ಉಪ್ಪು, ರುಚಿಗೆ ತಕ್ಕಷ್ಟು’ ಎಂದು ಅಲ್ಲಿ ಅಚ್ಚಾಗಿರುತ್ತದೆ. ಯಾರ ರುಚಿಗೆ? ಬರೆದವರ ರುಚಿಗೋ, ಉಣ್ಣುವವರ ರುಚಿಗೋ? ಹದ ತಿಳಿದವರಿಗೆ ಪುಸ್ತಕ ಬೇಕಿಲ್ಲ. ಪುಸ್ತಕ ಬೇಕಾದವರಿಗೆ ಹದ ತಿಳಿದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಮನೆಯವರು ಮುಖ ಕಿವಿಚಿಯಾರು, ಅಷ್ಟೆ. ಇನ್ನೊಂದು ಚೆಂಬು ನೀರು ಸುರಿದು ಮಾನ ಉಳಿಸಿಕೊಳ್ಳಬಹುದು. ಆದರೆ ಎಲ್ಲ ಪಾತ್ರೆಗಳಲ್ಲಿಯೂ ಸಾರೇ ಇರುವುದಿಲ್ಲ.

ಒಂದು ಕೆಲಸವನ್ನು ಮಾಡುವ ಕ್ರಮವನ್ನು ಬರೆದು ತಿಳಿಸುವ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆಯೇ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿ, ಮನೆ ಕಟ್ಟುವುದು, ನೆಲದಡಿಯ ನೀರನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಅಡುಗೆ ಮುಂತಾದುವನ್ನೆಲ್ಲ ಹೇಳಿದನು. ಹೆಸರಿನಲ್ಲಿಯೇ ಈ ಬಗೆಯ ಬರಹದ ಗುರಿ ಅಡಗಿದೆ. ಓದುಗನಿಗೆ ಉಪಕಾರವಾದರೆ ಬರಹ ಗೆದ್ದಿತು. ಇಲ್ಲದಿದ್ದರೆ ಎಷ್ಟು ಸೊಗಸಾಗಿದ್ದರೂ ಸೋತಿತು.

ಹೊಸದಾಗಿ ಈ ವಿದ್ಯೆಗೆ ಕೈಹಚ್ಚಿದವನಿಗೆ ಅಡ್ಡಬರುವುದು ಅವನ ಅಜ್ಞಾನವಲ್ಲ, ಅವನ ಜ್ಞಾನವೇ. ತನಗೆ ತಿಳಿದದ್ದು ಎಲ್ಲರಿಗೂ ತಿಳಿದಿರಬೇಕೆಂದು ಅವನು ನಂಬಿರುತ್ತಾನೆ. ಜೊತೆಗೆ ಶಾಲೆಯಲ್ಲಿ ಕಲಿತ ಅಲಂಕಾರದ ಗೀಳು ಬೇರೆ. ಕವಿಯಾದವನು ಒಂದೇ ಕಮಲವನ್ನು ಒಮ್ಮೆ ತಾವರೆ, ಒಮ್ಮೆ ಪಂಕಜ, ಇನ್ನೊಮ್ಮೆ ಸರೋಜವೆಂದು ಕರೆದರೆ ರಸಿಕರು ತಲೆದೂಗುತ್ತಾರೆ. ಔಷಧದ ಚೀಟಿಯಲ್ಲಿ ಒಂದೇ ವಸ್ತುವನ್ನು ಮೊದಲು ಪುಡಿ, ಆಮೇಲೆ ಲವಣ, ಕೊನೆಗೆ ಮಿಶ್ರಣವೆಂದು ಕರೆದರೆ, ಓದುವ ತಾಯಿ ಮೂರು ಪೊಟ್ಟಣಗಳನ್ನು ಹುಡುಕುತ್ತಾಳೆ. ಇಲ್ಲಿ ಪುನರುಕ್ತಿಯು ದೋಷವಲ್ಲ, ದಯೆ. ಹಾಗೆಯೇ, ‘ಪುಡಿಯನ್ನು ನೀರಿನಲ್ಲಿ ಕರಗಿಸಿ’ ಎಂದು ಬರೆದು, ನಾಲ್ಕು ಸಾಲಿನ ಕೆಳಗೆ ‘ನೀರನ್ನು ಮೊದಲೇ ಕುದಿಸಿ ಆರಿಸಿರಬೇಕು’ ಎಂದರೆ ಏನು ಬಂತು? ಆಕೆ ಸಾಲು ಓದಿದಂತೆ ಕೆಲಸ ಮಾಡುತ್ತಾ ಬಂದವಳು. ಆ ಎಚ್ಚರಿಕೆ ತಲಪುವ ಹೊತ್ತಿಗೆ ಪುಡಿ ಕರಗಿಹೋಗಿರುತ್ತದೆ.

ಇವೆಲ್ಲ ಬರಿಯ ವ್ಯಾಕರಣದ ಮಾತೆಂದು ತಳ್ಳಿಹಾಕುವವರು ೧೯೭೧ರ ಬನಗಾಂವನ್ನು ನೆನೆಯಬೇಕು. ಪೂರ್ವ ಬಂಗಾಳದ ಯುದ್ಧದಿಂದ ತಪ್ಪಿಸಿಕೊಂಡು ಲಕ್ಷಾಂತರ ಜನ ಗಡಿ ದಾಟಿ ಬಂದಿದ್ದರು. ಅವರ ನಡುವೆ ಕಾಲರಾ ಹಬ್ಬಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆ ಮಲಗಿದ್ದರು. ರಕ್ತನಾಳಕ್ಕೆ ಏರಿಸುವ ಲವಣಜಲ ಮುಗಿಯುತ್ತ ಬಂದಿತ್ತು. ಆಗ ಡಾ. ದಿಲೀಪ್ ಮಹಾಲನಬಿಸ್ ಅವರು ಒಂದು ಲೀಟರ್ ನೀರಿಗೆ ೨೨ ಗ್ರಾಂ ಗ್ಲೂಕೋಸ್, ೩.೫ ಗ್ರಾಂ ಉಪ್ಪು, ೨.೫ ಗ್ರಾಂ ಅಡುಗೆ ಸೋಡ ಬೆರೆಸಿ ಕುಡಿಸಲು ನಿಶ್ಚಯಿಸಿದರು. ಕರುಳಿನಲ್ಲಿ ಗ್ಲೂಕೋಸು ಉಪ್ಪನ್ನು ತನ್ನೊಡನೆ ಒಳಗೆ ಸೆಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆಯೇ ನೀರೂ ಹೋಗುತ್ತದೆ ಎಂಬುದನ್ನು ವಿಜ್ಞಾನಿಗಳು ಆ ಮೊದಲೇ ಕಂಡುಕೊಂಡಿದ್ದರು. ಕುಡಿಸುವ ಕೆಲಸವನ್ನು ರೋಗಿಗಳ ಬಂಧುಗಳೇ ಮಾಡಬೇಕಾಗಿತ್ತು. ವೈದ್ಯರು ಆ ನೀರಿಗೆ ‘ಬಾಯಿಯ ಮೂಲಕ ಕೊಡುವ ಸಲೈನ್’ ಎಂಬ ಅರ್ಥದ ಹೆಸರಿಟ್ಟರು. ಸೂಜಿಯ ಸಲೈನಿನ ಮೇಲೆ ಜನಕ್ಕಿದ್ದ ನಂಬಿಕೆ ಈ ನೀರಿನ ಮೇಲೂ ಬಂತು. ಬೆರೆಸುವ ಕ್ರಮವನ್ನು ಕರಪತ್ರವಾಗಿ ಅಚ್ಚುಮಾಡಿಸಿ ಗಡಿಯುದ್ದಕ್ಕೂ ಹಂಚಿದರು. ಗುಪ್ತ ಆಕಾಶವಾಣಿಯಲ್ಲಿಯೂ ಬಿತ್ತರಿಸಿದರು. ನೂರಕ್ಕೆ ಸುಮಾರು ೩೦ರಷ್ಟಿದ್ದ ಸಾವು ನಾಲ್ಕಕ್ಕಿಂತ ಕಡಮೆಗೆ ಇಳಿಯಿತು.

ಆದರೆ ಗ್ರಾಂ ಲೆಕ್ಕ ಆಸ್ಪತ್ರೆಯ ತಕ್ಕಡಿಗೆ ಸರಿ. ಗುಡಿಸಲಿನಲ್ಲಿ ತಕ್ಕಡಿ ಎಲ್ಲಿಯದು? ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯು ೧೯೮೦ರಿಂದ ಹತ್ತು ವರ್ಷಗಳ ಕಾಲ ಮನೆಮನೆಗೂ ಹೆಂಗಸರನ್ನು ಕಳುಹಿಸಿ ಈ ಪಾಠವನ್ನು ಹೇಳಿಸಿತು. ಅಲ್ಲಿ ಗ್ರಾಮೂ ಇಲ್ಲ, ಲೀಟರೂ ಇಲ್ಲ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಕ್ಕಡಿಯನ್ನು ತಾಯಿಯ ಕೈಯಲ್ಲಿಯೇ ಕಂಡುಕೊಂಡ ಜಾಣತನವಿದು. ಚಿಟಿಕೆಯನ್ನು ಆಕೆಯ ಇಷ್ಟಕ್ಕೂ ಬಿಡಲಿಲ್ಲ. ತೋರುಬೆರಳಿನ ಮೊದಲ ಗೆರೆಯವರೆಗೆ ಎಂದು ಹೇಳಿಕೊಟ್ಟರು. ಉಪ್ಪು ಅತಿಯಾದರೆ ಮಗುವಿಗೆ ಅಪಾಯ. ಆದ್ದರಿಂದ ‘ರುಚಿಗೆ ತಕ್ಕಷ್ಟು’ ಎಂಬ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. ಪಾಠ ಹೇಳಿದವಳ ಸಂಬಳವೂ ಹೇಳಿದಷ್ಟಕ್ಕೆ ದೊರೆಯುತ್ತಿರಲಿಲ್ಲ. ಕೆಲವು ವಾರಗಳ ಮೇಲೆ ಬೇರೊಬ್ಬರು ಆಯ್ದ ಮನೆಗಳಿಗೆ ಹೋಗಿ, ತಾಯಿಗೆ ನೆನಪಿರುವುದೆಷ್ಟು, ಆಕೆ ಬೆರೆಸಿದ ನೀರು ಸರಿಯಿದೆಯೆ ಎಂದು ಪರೀಕ್ಷಿಸಿದ ಬಳಿಕವೇ ಸಂಬಳದ ನಿಷ್ಕರ್ಷೆ. ಹೀಗೆ ಒಂದು ಕೋಟಿಗೂ ಮಿಕ್ಕ ಮನೆಗಳಿಗೆ ಪಾಠ ತಲಪಿತು.

ಮೊದಮೊದಲು ಪಾಠ ಬಾಯಿಗೆ ಬಂದರೂ ಬಳಕೆಗೆ ಬರಲಿಲ್ಲ. ವಿಚಾರಿಸಿ ನೋಡಿದಾಗ, ಕಲಿಸುವವರಿಗೇ ಅದರಲ್ಲಿ ಪೂರ್ಣ ನಂಬಿಕೆ ಇರಲಿಲ್ಲ. ಮನೆಯ ಗಂಡಸರಿಗೆ ಯಾರೂ ಏನೂ ತಿಳಿಸಿರಲಿಲ್ಲ. ಕಲಿಸುವವರಿಗೆ ಮೊದಲು ಮನಗಾಣಿಸಿ, ಗಂಡಸರನ್ನೂ ಕೂರಿಸಿ ಹೇಳಿದ ಮೇಲೆ ಬಳಕೆ ಬೆಳೆಯಿತು. ವಾಕ್ಯ ಸರಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯದು. ಅದನ್ನು ನಂಬಿ ಯಾರು ಕೈಯಾಡಿಸಬೇಕು, ಯಾರ ಒಪ್ಪಿಗೆ ಬೇಕು ಎಂಬುದೂ ಬರೆಯುವವನಿಗೆ ತಿಳಿದಿರಬೇಕು.

ಬರೆಯಲು ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ತಾನು ಬರೆದುದನ್ನು ವಿಷಯ ಬಲ್ಲ ಗೆಳೆಯನಿಗೆ ತೋರಿಸಿದರೆ ಹೊಗಳಿಕೆ ದೊರೆತೀತು, ತಿದ್ದುಪಡಿ ದೊರೆಯದು. ಅರಿಯದವರ ಕೈಗೆ ಹಾಳೆಯನ್ನು ಕೊಟ್ಟು, ತಾನು ತುಟಿ ಬಿಚ್ಚದೆ ಪಕ್ಕದಲ್ಲಿ ಕುಳಿತಿರಬೇಕು. ಅವರ ಕೈ ಎಲ್ಲಿ ತಡೆದು ನಿಲ್ಲುವುದೋ ಅಲ್ಲಿಯೇ ವಾಕ್ಯ ಮುರಿದಿದೆಯೆಂದು ತಿಳಿಯಬೇಕು. ಬಾಯಿಮಾತಿನಿಂದ ವಿವರಿಸಹೊರಟರೆ ಪರೀಕ್ಷೆ ಕೆಟ್ಟಿತು. ಹಾಳೆಯು ದೂರದೂರಿಗೆ ಹೋದಾಗ ಬರೆದವನು ಅದರ ಹಿಂದೆ ಹೋಗಲಾರನಷ್ಟೆ.

ಇಂದು ಔಷಧದ ಅಂಗಡಿಗಳಲ್ಲಿ ಈ ಪುಡಿಯ ದೊಡ್ಡ ಪೊಟ್ಟಣವೂ ಉಂಟು, ಚಿಕ್ಕದೂ ಉಂಟು. ದೊಡ್ಡದು ಒಂದು ಲೀಟರ್ ನೀರಿಗೆ, ಚಿಕ್ಕದು ೨೦೦ ಮಿಲಿಲೀಟರಿಗೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದರೆ ಮದ್ದೇ ಮುಳುವಾಗುತ್ತದೆ. ಅದನ್ನು ತಡೆಯಲು ಅಂಗೈಯಗಲದ ಆ ಕಾಗದದ ಮೇಲೆ ಇರುವುದು ಒಂದೆರಡು ಸಾಲಿನ ಎಡೆ. ನಡುರಾತ್ರಿಯಲ್ಲಿ, ಮಂದ ಬೆಳಕಿನಲ್ಲಿ, ಬಳಲಿದ ಮಗುವನ್ನು ತೋಳಿನಲ್ಲಿ ಹಿಡಿದು ಆ ಸಾಲನ್ನು ಓದುವವರು ಒಬ್ಬರಿರುತ್ತಾರೆ. ಅವರಿಗಾಗಿ ಬರೆಯಲು ಬಂದವನಿಗೆ ಬರೆಯಲು ಬಂದಿತು.