ಟರ್ಬೊ ಬದಲಿಸೋ ಮೊದಲ ಬೋಲ್ಟ್ ನೋಡ್ರಿ

ಅಮರಗೋಳ ಎಪಿಎಂಸಿಗೆ ಉಳ್ಳಾಗಡ್ಡಿ ಹೊರೋ ನಮ್ಮ ಲಾರಿ ಸಪ್ಪಳ ಶುರು ಮಾಡಿತ್ತು. ಗ್ಯಾರೇಜಿನವರು ಕ್ಯಾಬಿನ್ ಎತ್ತಿ ಸೈತ ನೋಡದ 'ಟರ್ಬೊ ಹೋಗೇತಿ' ಅಂದ್ರು. ಹೊಸಾದು ಹಾಕಿಸಿದರ ಈ ಸಲದ ಉಳ್ಳಾಗಡ್ಡಿ ರೊಕ್ಕ ಅಲ್ಲೇ ಖಾಲಿ.

ಮುಂಜಾನೆ ತಣ್ಣಗಿನ ಇಂಜಿನ್ ಚಾಲೂ ಮಾಡಿ ಕಿವಿಗೊಟ್ವಿ. ಟಿಕ್ ಟಿಕ್ ಅಂತಿತ್ತು. ಕಾದ ಮ್ಯಾಲೆ ಕಮ್ಮಿ ಆತು. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚತೈತಿ, ಅದಕ್ಕ. ಟರ್ಬೊ ಕೆಟ್ಟರ ಹಿಂಗ ಟಿಕ್ ಅನ್ನೂದಿಲ್ಲ. ಸೈರನ್ ಹಂಗ ಕೂಗತೈತಿ, ಇಲ್ಲಾ ರೆಕ್ಕಿ ಉಜ್ಜಿ ಗರಗರ ಅಂತೈತಿ.

ಬ್ಯಾಟರಿ ಹಿಡಿದು ನೋಡಿದರ ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡೋ ಕಡೆ ಕರಿ ಮಸಿ ಗೆರೆ, ಎರಡು ಬೋಲ್ಟ್ ಸಡ್ಲ. ಟರ್ಬೊ ತಿರುಗೂದೇ ಇಂಜಿನ್ ಹೊಗೆಯ ಒತ್ತಡಕ್ಕ. ಅದು ದಾರಿಯೊಳಗ ಸೋರಿದರ ಪಿಕಪ್ ಬೀಳತೈತಿ, ಸೈಲೆನ್ಸರಿನಿಂದ ಕರಿ ಹೊಗೆ ಬರತೈತಿ. ಹಂಗಾಗಿ ಪಾಪದ ಟರ್ಬೊ ಮ್ಯಾಲೆ ಗುಮಾನಿ.

ಆದರೂ ಇಂಜಿನ್ ಬಂದ್ ಮಾಡಿ, ಏರ್ ಪೈಪ್ ಬಿಚ್ಚಿ ಶಾಫ್ಟ್ ಅಲ್ಲಾಡಿಸಿ ನೋಡ್ರಿ. ಅಡ್ಡಡ್ಡ ತುಸು ಆಡಿದರ ನಡೀತೈತಿ. ಹಿಂದ-ಮುಂದ ಆಡಿದರ, ಇಲ್ಲಾ ರೆಕ್ಕಿ ಸುತ್ತಲ ಗ್ವಾಡಿಗೆ ತಾಗಿದರ, ಗ್ಯಾರೇಜಿನವರ ಮಾತು ಖರೆ. ನಮ್ಮದರಾಗ ತಾಗಲಿಲ್ಲ.

ಗ್ಯಾಸ್ಕೆಟ್ ಸುಟ್ಟಿದ್ದರ ಬರೇ ಬಿಗಿದರ ಸಾಲೂದಿಲ್ಲ, ಬದಲಿಸಬೇಕು. ಬಿಸಿ ಇದ್ದಾಗ ಪಾನಾ ಹಾಕಬ್ಯಾಡ್ರಿ. ತುಕ್ಕು ಹಿಡಿದ ಬೋಲ್ಟ್ ಮುರಿದು ಹೆಡ್ಡಿನೊಳಗ ಉಳಿದರ ಅದನ್ನ ತೆಗಿಯೋ ಖರ್ಚ ಬ್ಯಾರೆ. ತಣ್ಣಗಾದ ಮ್ಯಾಲೆ ನಡುವಿನ ಬೋಲ್ಟಿನಿಂದ ಶುರು ಮಾಡಿ ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಗೀರಿ.

ಅಲ್ಲೀತನಕ ಯಾರ್ಡಿನ್ಯಾಗ ಪಾಳಿ ಕಾಯೋವಾಗ ಇಂಜಿನ್ ಚಾಲೂ ಇಟ್ಟು ಕ್ಯಾಬಿನ್‌ನ್ಯಾಗ ಯಾರನ್ನೂ ಮಲಗಸಬ್ಯಾಡ್ರಿ. ಸೋರಿದ ಹೊಗೆ ಒಳಗ ಸೇರಿದರ ಜೀವಕ್ಕ ಅಪಾಯ.