ಹಳದಿ ಯಂತ್ರ ಮತ್ತು ಕೊನೆಯ ಹತ್ತು ಮೀಟರು

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮುಂದೆ ನಿಂತು ನನ್ನ ಹಳೆಯ ಜಿಪಿಎಸ್ ಯಂತ್ರವನ್ನು ಚಾಲೂ ಮಾಡಿದರೆ ಅದು ಪೂರ್ವ ರೇಖಾಂಶ 74 ಡಿಗ್ರಿ 59 ಮಿನಿಟು ಚಿಲ್ಲರೆ ಎನ್ನುತ್ತದೆ. ಇನ್ನು ತುಸು ಮೂಡಕ್ಕೆ ನಡೆದರೆ 75 ಡಿಗ್ರಿ ಸರಿಯಾಗಿ ಕೂಡುತ್ತದೆ. ಅತ್ತ 13 ಡಿಗ್ರಿ ಉತ್ತರ ಅಕ್ಷಾಂಶ ಪೇಟೆಯಿಂದ ನೇರ ಗೆರೆಯಲ್ಲಿ ಸುಮಾರು ಎಂಟು ಕಿಲೋಮೀಟರು ತೆಂಕಕ್ಕೆ ಹಾದುಹೋಗಿದೆ. ಎಂದರೆ, ಶಾಲೆಯ ಗೋಲದ ಮೇಲೆ ನಾವು ಬೆರಳಿಟ್ಟು ನೋಡುತ್ತಿದ್ದ ಆ ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವುದು ಮೂಡುಬಿದಿರೆಗೂ ಬಂಟ್ವಾಳಕ್ಕೂ ನಡುವಿನ ಗುಡ್ಡೆ ತೋಟಗಳಲ್ಲೇ. ಇದು ತಿಳಿದ ದಿನದಿಂದ ನನಗೆ ಆ ಕಡೆ ಬಸ್ಸಿನಲ್ಲಿ ಸುಮ್ಮನೆ ಕೂತು ಹೋಗಲು ಆಗಿಲ್ಲ.

ಯಂತ್ರ ಗಾರ್ಮಿನ್ ಇಟ್ರೆಕ್ಸ್. 2000ನೇ ಇಸವಿಯಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಚಾರಣ ಬಿಟ್ಟು ಸಂಸಾರ ಹಿಡಿದ ಗೆಳೆಯನೊಬ್ಬನಿಂದ ನನ್ನ ಕೈಗೆ ಬಂದದ್ದು. ಹಳದಿ ಮೈ, ಕಪ್ಪುಬಿಳುಪು ಪರದೆ, ಎರಡು ಪೆನ್ಸಿಲ್ ಸೆಲ್ಲು, ಪಕ್ಕೆಗಳಲ್ಲಿ ಐದು ಗುಂಡಿ. ನಕ್ಷೆ ಎಂಬುದೇ ಇಲ್ಲ. ಹೋಗಬೇಕಾದ ಜಾಗದ ಅಂಕಿಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಒತ್ತಿ ಕೂರಿಸಬೇಕು. ಆಮೇಲೆ ಅದು ಒಂದು ಬಾಣ ತೋರಿಸಿ ಇಷ್ಟು ಮೀಟರು ಎನ್ನುತ್ತದೆ. ಬಾಣಕ್ಕೂ ಒಂದು ಷರತ್ತಿದೆ: ಒಳಗೆ ದಿಕ್ಸೂಚಿ ಇಲ್ಲದ್ದರಿಂದ ನಾವು ನಡೆಯುತ್ತಿದ್ದರೆ ಮಾತ್ರ ಅದಕ್ಕೆ ದಿಕ್ಕು ಗೊತ್ತು. ನಿಂತರೆ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಾಗೆ ಎಲ್ಲೆಲ್ಲೋ ನೋಡತೊಡಗುತ್ತದೆ.

ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಮಲಗಿದ್ದರೆ ಇದಕ್ಕೆ ಎಚ್ಚರವಾಗುವುದಕ್ಕೂ ಹೊತ್ತು ಬೇಕು. ಇಪ್ಪತ್ತು ಸಾವಿರ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಪಂಚಾಂಗವನ್ನು ಅದು ಆಕಾಶದಿಂದಲೇ ಇಳಿಸಿಕೊಳ್ಳಬೇಕು. ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ. ಮೊಬೈಲು ಈ ಪಂಚಾಂಗವನ್ನು ಟವರಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ನನಗೆ ಆ ಹನ್ನೆರಡೂವರೆ ನಿಮಿಷವೇ ಇಷ್ಟ. ಕಟ್ಟೆಯ ಮೇಲೆ ಕೂತು ಒಂದು ವೀಳ್ಯ ಹಾಕಿಕೊಳ್ಳಬಹುದು. ಇನ್ನು ಇದರ ದಿನಾಂಕ ಹತ್ತೊಂಬತ್ತೂವರೆ ವರ್ಷ ಹಿಂದಿದೆ. ಜಿಪಿಎಸ್ ಸಂಕೇತದಲ್ಲಿ ವಾರಗಳ ಎಣಿಕೆ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುವುದರಿಂದ ಹಳೆಯ ಯಂತ್ರಗಳಿಗೆ ಹೀಗಾಗುತ್ತದೆ. ಎಲ್ಲಿದ್ದೇನೆ ಎಂಬುದು ಸರಿಯಾಗಿ ಗೊತ್ತು, ಯಾವಾಗ ಎಂಬುದು ಮಾತ್ರ ಗೊತ್ತಿಲ್ಲ. ಊರಿಗೆ ಮರಳಿದ ನಮ್ಮಂಥವರ ಕತೆಯೂ ಅದೇ.

ಜಿಯೋಕ್ಯಾಶಿಂಗ್ ಎಂಬ ಆಟ ಹುಟ್ಟಿದ್ದೂ ಈ ಯಂತ್ರದ ವರ್ಷದಲ್ಲೇ. ಅಮೆರಿಕದ ಸೇನೆ ನಾಗರಿಕರ ಜಿಪಿಎಸ್ಸಿಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ 2ರಂದು ನಿಲ್ಲಿಸಲಾಯಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ಆಚೀಚೆ ಹೊಡೆಯುತ್ತಿದ್ದ ಲೆಕ್ಕ ದಿನ ಬೆಳಗಾಗುವುದರಲ್ಲಿ ಹತ್ತಿಪ್ಪತ್ತು ಮೀಟರಿಗೆ ಬಂತು. ಮರುದಿನವೇ ಒರೆಗಾನ್ ರಾಜ್ಯದ ಡೇವ್ ಉಲ್ಮರ್ ಒಂದು ಬಕೆಟ್ಟಿನಲ್ಲಿ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್ ಇತ್ಯಾದಿ ತುಂಬಿ ಕಾಡಿನಲ್ಲಿಟ್ಟು, ಅಂಕಿಗಳನ್ನು ಜಗತ್ತಿಗೆ ಸಾರಿದ. ಸಿಕ್ಕಿದವರು ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ, ಹೆಸರು ಬರೆಯಿರಿ. ಅಷ್ಟೇ ಆಟ. ಬೀನ್ಸಿನ ಡಬ್ಬಿಗೆ ಈಗ ಅವಕಾಶವಿಲ್ಲ. ಪ್ರಾಣಿಗಳು ಬರುತ್ತವೆಂದು ತಿನ್ನುವ ಪದಾರ್ಥ ಇಡಬಾರದೆಂದು ನಿಯಮ ಮಾಡಿದ್ದಾರೆ. ಬಂಟ್ವಾಳದ ಕಾರಿಂಜ ಬೆಟ್ಟದ ಕೋತಿಗಳನ್ನು ನೋಡಿದವರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವು ತೆಗೆದುಕೊಳ್ಳುವ ಅರ್ಧವನ್ನಷ್ಟೇ ಪಾಲಿಸುತ್ತವೆ.

ನಮ್ಮಲ್ಲಿ ಡಬ್ಬಿ ಬಚ್ಚಿಡುವುದು ಬೇರೆ ಕಾರಣಕ್ಕೂ ನಾಜೂಕಿನ ಕೆಲಸ. ನಾಗಬನಕ್ಕೆ ಕಾಲಿಡುವಂತಿಲ್ಲ, ಬಸದಿಗಳ ಆವರಣ ಸಲ್ಲದು, ಬೆಳ್ತಂಗಡಿಯ ಗಡಾಯಿಕಲ್ಲು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿದೆ. ಘಟ್ಟದ ತಪ್ಪಲಿನಲ್ಲಿ ಸ್ಯಾಟಲೈಟ್ ಫೋನ್ ಸದ್ದು ಮಾಡಿತು ಎಂಬ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುವ ಸೀಮೆ ಇದು. ಜಿಪಿಎಸ್ ಬರೀ ಕೇಳುತ್ತದೆ, ತಿರುಗಿ ಮಾತಾಡುವುದಿಲ್ಲ ಎಂದು ಎಷ್ಟು ವಿವರಿಸಿದರೂ ಪೊದೆಯಲ್ಲಿ ಅನಾಥ ಡಬ್ಬಿ ಸಿಕ್ಕರೆ ಊರಿಗೆ ಊರೇ ಸೇರುತ್ತದೆ. ಹಾಗಾಗಿ ನನ್ನ ಬಚ್ಚಿಡುವ ಆಟವೆಲ್ಲ ನೆಂಟರ ಗುಡ್ಡೆಯಲ್ಲೇ. ಮಕ್ಕಳು ಮುರಕಲ್ಲಿನ ಸಂದಿಯಲ್ಲಿ ಸ್ಟೀಲಿನ ಡಬ್ಬಿ ತುರುಕಿ ಅಂಕಿ ಬರೆದುಕೊಡುತ್ತಾರೆ. ಯಂತ್ರ ನನ್ನನ್ನು ಹತ್ತು ಮೀಟರಿನ ಹತ್ತಿರಕ್ಕೆ ತಂದು ಕೈಚೆಲ್ಲುತ್ತದೆ. ಅಲ್ಲಿಂದ ಮುಂದೆ ಕಣ್ಣಿನ ಕೆಲಸ: ಯಾವ ಕಲ್ಲಿನ ಪಾಚಿ ಉಜ್ಜಿದೆ, ಯಾವ ತರಗೆಲೆಯ ರಾಶಿ ಗಾಳಿ ಮಾಡಿದ್ದಲ್ಲ. ಪರದೆಯಲ್ಲಿ ಮಿನಿಟಿನ ಸಾವಿರದಲ್ಲೊಂದು ಪಾಲು ತೋರಿಸುತ್ತದೆ ನಿಜ. ಅದು ನೆಲದ ಮೇಲೆ ಎರಡು ಮೀಟರಿಗೂ ಕಡಿಮೆ. ಆದರೆ ಅಷ್ಟು ನಿಖರತೆ ಇದರ ಹಣೆಯಲ್ಲಿ ಬರೆದಿಲ್ಲ. ಬೋಳು ಪದವಿನ ಮೇಲೆ ಉಪಗ್ರಹಗಳು ಥಟ್ಟನೆ ಸಿಗುತ್ತವೆ. ಮಳೆಗಾಲದ ಅಡಿಕೆ ತೋಟಕ್ಕೆ ಇಳಿದರೆ ಒದ್ದೆ ಸೋಗೆಗಳಡಿ ಒಂದೊಂದಾಗಿ ಮಾಯ. ಈಚಿನ ಮೊಬೈಲುಗಳು ಇಂಥಲ್ಲೂ ಎದೆಗುಂದುವುದಿಲ್ಲವಂತೆ. ಆಗಲಿ, ಅವಕ್ಕೆ ಶುಭವಾಗಲಿ.

ಆ 13-75ರ ಸಂಗಮಕ್ಕೆ ಕೊನೆಗೂ ಹೋದೆ. ಇಂಥ ಪೂರ್ಣಾಂಕದ ಕೂಡುಜಾಗಗಳಿಗೆ ಹೋಗಿ ನಾಲ್ಕು ದಿಕ್ಕಿನ ಫೋಟೊ ತೆಗೆಯುವ ಹವ್ಯಾಸಿಗಳು 1996ರಿಂದ ಲೋಕವೆಲ್ಲ ಅಲೆಯುತ್ತಿದ್ದಾರೆ. ನೂರು ಮೀಟರಿನೊಳಗೆ ಹೋದರೂ ಅವರ ಲೆಕ್ಕಕ್ಕೆ ಸಾಕು, ನನಗೆ ಮಾತ್ರ ಸೊನ್ನೆಗಳೇ ಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಿಲಿಯಂ ಲ್ಯಾಂಬ್ಟನ್ ಅರ್ಧ ಟನ್ ತೂಕದ ಥಿಯೋಡೊಲೈಟ್ ಹೊರಿಸಿಕೊಂಡು ಮದರಾಸಿನಿಂದ ಮಂಗಳೂರಿನವರೆಗೆ ಅಳೆದಾಗ, 400 ಮೈಲಿ ಎಂದುಕೊಂಡಿದ್ದ ನೆಲ 360 ಮೈಲಿಯೇ ಎಂದು ಗೊತ್ತಾಗಿತ್ತು. ಅಂಥ ಅಳತೆಯ ಕೊನೆಯ ಒಂದು ಹನಿ ನನ್ನ ಜೇಬಿನಲ್ಲಿದೆ ಎಂಬ ಜಂಬದಲ್ಲೇ ತೋಡಿನ ಸಂಕ ದಾಟಿದೆ.

“ದಾದ ನಾಡೊಂದುಲ್ಲರ್?” ಏನು ಹುಡುಕುತ್ತಿದ್ದೀರೆಂದು ತೋಟದ ಯಜಮಾನರು ತುಳುವಿನಲ್ಲಿ ಕೇಳಿದರು. ದನಿಯಲ್ಲಿ ಸ್ವಾಗತವಿರಲಿಲ್ಲ. ಹೆದ್ದಾರಿ ಅಗಲವಾಗುತ್ತಿರುವ, ಉಡುಪಿ-ಕಾಸರಗೋಡು 400 ಕೆ.ವಿ. ತಂತಿಯ ಹೆಸರು ಕೇಳಿದರೆ ರೈತರು ಸಿಡಿಯುವ ಈ ಭಾಗದಲ್ಲಿ ಕೈಯಲ್ಲಿ ಜಿಪಿಎಸ್ ಹಿಡಿದು ಬಂದವನು ಅಳತೆಯವನೇ ಸೈ. ಎರಡು ಗೆರೆಗಳ ವಿಷಯ ಹೇಳಿದೆ. ನಂಬಲಿಲ್ಲ. ಇದರಲ್ಲಿ ಬೋರಿಗೆ ನೀರಿನ ಪಾಯಿಂಟು ಕಾಣುತ್ತದೋ ಎಂದು ಕೇಳಿದರು. ಇಲ್ಲವೆಂದೆ. ಆಗ ಸ್ವಲ್ಪ ನಂಬಿದರು. ಇಷ್ಟು ಉಪಯೋಗವಿಲ್ಲದ ಕೆಲಸಕ್ಕೆ ಸರಕಾರ ಯಾರನ್ನೂ ಕಳಿಸಲಾರದು. ಆಮೇಲೆ ಯಂತ್ರವನ್ನು ತಾವೇ ಕೈಗೆ ತೆಗೆದುಕೊಂಡು, ಲುಂಗಿ ಎತ್ತಿಕಟ್ಟಿ, ಬಡಗಣಕ್ಕೆ ಎರಡು ಹೆಜ್ಜೆ, ಪಡುವಣಕ್ಕೆ ಒಂದು ಹೆಜ್ಜೆ ಎಂದು ಸೊನ್ನೆಗಳ ಬೆನ್ನುಹತ್ತಿದರು. ಸೊನ್ನೆಗಳೆಲ್ಲ ಒಮ್ಮೆಲೇ ಸಾಲಾಗಿ ನಿಂತದ್ದು ಗೊಬ್ಬರದ ಗುಂಡಿಯ ಅಂಚಿನಲ್ಲಿ.

ಅವರ ಮುಖ ಸಪ್ಪಗಾಯಿತು. “ಹತ್ತು ಮೀಟರು ಆಚೀಚೆ ಆಗ್ತದೆ ಅಂದಿರಲ್ಲ,” ಎಂದರು ತುಸು ಹೊತ್ತು ಯೋಚಿಸಿ, “ಹಾಗಾದ್ರೆ ಅಗೋ, ಆ ಹಲಸಿನ ಮರದ ಬುಡ ಅಂತ ಬರ್ಕೊಳ್ಳಿ.” ಹಾಗೆಯೇ ಬರೆದುಕೊಂಡೆ.