ಹಡಗು ಹತ್ತದ ಬಂಗಾರಕ್ಕೂ ಹಡಗಿನ ಸುಂಕ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅವರಿಗೆ ಸುಂಕದವನು ಕಣ್ಣಿಗೆ ಕಾಣುತ್ತಿದ್ದ. ರಾಯಚೂರು ಜಿಲ್ಲೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಸಂಸ್ಥಾನಕ್ಕೆ ತನ್ನದೇ ಸುಂಕದ ಇಲಾಖೆ ಇತ್ತು. ಕರೋಡಗಿರಿ ಅಂತ ಅದರ ಹೆಸರು. ನಾಕಾದಲ್ಲಿ ನಿಲ್ಲಬೇಕು, ಗಂಟು ಬಿಚ್ಚಬೇಕು, ರೊಕ್ಕ ಎಣಿಸಬೇಕು. ಬೈಯಬೇಕೆಂದರೆ ಬೈಯಲು ಒಂದು ಮುಖವಾದರೂ ಇತ್ತು.

ಇವತ್ತು ಆ ಮುಖವೂ ಇಲ್ಲ. ಸುಂಕದವನು ಮುಂಬೈಯಲ್ಲಿ, ಚೆನ್ನೈಯಲ್ಲಿ, ಕಡಲ ದಂಡೆಯ ಮೇಲೆ ಕೂತಿದ್ದಾನೆ. ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಿಗೆ ಕಡಲಿಲ್ಲ, ಬಂದರಿಲ್ಲ. ಹಡಗು ಕಂಡವರನ್ನು ಕೇರಿಯಲ್ಲಿ ಹುಡುಕಬೇಕು. ಆದರೂ ನಾವು ದಿನಾ ಸುಂಕ ಕಟ್ಟುತ್ತೇವೆ. ಕಟ್ಟುತ್ತಿದ್ದೇವೆ ಅನ್ನುವುದೇ ನಮಗೆ ಗೊತ್ತಿಲ್ಲ.

ಆಮದು ಸುಂಕವನ್ನು ಆಮದುದಾರ ಕಟ್ಟುತ್ತಾನೆ ಎಂದು ಕಾಲೇಜಿನ ಪುಸ್ತಕದಲ್ಲಿ ಓದಿದೆವು. ಕಾಗದದ ಮೇಲೆ ಅದು ನಿಜ. ಆದರೆ ಕಟ್ಟಿದ ಭಾರವನ್ನು ಅವನು ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆಯೆ? ಸಗಟು ವ್ಯಾಪಾರಿಯ ತಲೆಗೆ ದಾಟಿಸುತ್ತಾನೆ. ಅವನು ಅಂಗಡಿ ಸಾವ್ಕಾರನ ತಲೆಗೆ. ಸಾವ್ಕಾರ ನಮ್ಮ ತಲೆಗೆ. ನಾವು ಯಾರ ತಲೆಗೆ ದಾಟಿಸಬೇಕು? ಪ್ರಶ್ನೆ ಇಷ್ಟೇ.

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಈ ಒಂದೇ ರಸ್ತೆಯ ಮೇಲೆ ನಡೆಯುತ್ತ ಲೆಕ್ಕ ಹಾಕೋಣ, ಬನ್ನಿ.

ಮೊದಲು ಬಂಗಾರ. ಅದು ನಮ್ಮ ನೆಲದ ಕೆಳಗೇ ಇದೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ದೇಶಕ್ಕೆ ಉಳಿದ ದೊಡ್ಡ ಚಿನ್ನದ ಗಣಿ ಇದೊಂದೇ. ವರ್ಷಕ್ಕೆ ಇಲ್ಲಿ ತೆಗೆಯುವುದು ಒಂದೂವರೆ ಟನ್ನಿನ ಆಸುಪಾಸು. ದೇಶ ಹೊರಗಿನಿಂದ ತರಿಸುವುದು ವರ್ಷಕ್ಕೆ ಏಳೆಂಟು ನೂರು ಟನ್. ಹೀಗಾಗಿ ಬೆಲೆ ಕಟ್ಟುವುದು ಹೊರಗಿನಿಂದ ಬರುವ ಬಂಗಾರ. ಅದರ ಬೆಲೆಯಲ್ಲಿ ಸುಂಕ ಸೇರಿರುತ್ತದೆ. ಹಟ್ಟಿಯ ಬಂಗಾರ ಯಾವ ಹಡಗನ್ನೂ ಹತ್ತಿಲ್ಲ, ಯಾವ ವಿಮಾನದಿಂದಲೂ ಇಳಿದಿಲ್ಲ. ಆದರೂ ಅದು ಮಾರಾಟವಾಗುವುದು ಸುಂಕ ಸೇರಿದ ಅದೇ ಪೇಟೆಯ ಬೆಲೆಗೆ. ಅಲ್ಲಿ ಸುಂಕದಷ್ಟು ಹೆಚ್ಚಿನ ಹಣ ದಿಲ್ಲಿಗೆ ಹೋಗುವುದಿಲ್ಲ, ಮಾರಿದವರ ಕೈಗೇ ಬರುತ್ತದೆ. ಮಾರುವುದು ರಾಜ್ಯ ಸರಕಾರದ ಕಂಪನಿ. ಇರಲಿ, ಸರಕಾರ ನಮ್ಮದೇ ಅನ್ನೋಣ. ಆದರೆ ಕೊಳ್ಳುವ ಹೆಣ್ಣುಮಗಳಿಗೆ ಎರಡೂ ಒಂದೇ. ದೇಶದ ಬಂಗಾರಕ್ಕೂ ಸುಂಕ, ಪರದೇಶದ್ದಕ್ಕೂ ಸುಂಕ. ನೆಲದ ಆಳಕ್ಕೆ ಇಳಿದು ಅದಿರು ಒಡೆದವನ ಮಗಳ ಮದುವೆಗೂ ಅದೇ ದರ.

ಈ ಸುಂಕ ಹೇಗೆ ಬೆಳೆಯಿತು ನೋಡಿ. 2012ರ ಜನವರಿಯ ತನಕ ಹತ್ತು ಗ್ರಾಮಿಗೆ 300 ರೂಪಾಯಿ. ಆ ತಿಂಗಳು ಅದು ಬೆಲೆಯ ಶೇಕಡಾ 2 ಆಯಿತು. 2013ರ ಆಗಸ್ಟಿಗೆ ಶೇ. 10. 2022ರ ಜುಲೈಗೆ ಶೇ. 15. 2024ರ ಜುಲೈ ಬಜೆಟ್ಟಿನಲ್ಲಿ ಒಮ್ಮೆಲೇ ಶೇ. 6ಕ್ಕೆ ಇಳಿಯಿತು. ಏರಿಸಿದ್ದಕ್ಕೆ ಕೊಟ್ಟ ಕಾರಣ: ಜನ ಬಂಗಾರದ ಹುಚ್ಚಿಗೆ ಬಿದ್ದಿದ್ದಾರೆ, ಡಾಲರು ಖಾಲಿಯಾಗುತ್ತಿದೆ.

ಯಾರಿಗೆ ಹುಚ್ಚು? ನಮ್ಮ ಕೇರಿಯಲ್ಲಿ ಬಂಗಾರ ಅಂದರೆ ಎರಡು ಗುಂಡು, ಒಂದು ತಾಳಿ, ಕಿವಿಗೆ ಒಂದು ಜೊತೆ ಬೆಂಡೋಲಿ. ಅದು ಶೋಕಿಯಲ್ಲ. ಹೊಲ ಇಲ್ಲದವರಿಗೆ ಸಾಲ ಕೊಡುವವರಿಲ್ಲ. ಪಹಣಿ ತೋರಿಸು ಅನ್ನುತ್ತಾರೆ. ಪಹಣಿ ಎಲ್ಲಿಂದ ತರೋಣ? ಮಗುವಿಗೆ ಜ್ವರ ಬಂದರೆ, ಹಾಸ್ಟೆಲ್ಲಿಗೆ ಡಿಪಾಜಿಟ್ಟು ಕಟ್ಟಬೇಕಾದರೆ, ಅವ್ವನ ಕೊರಳೇ ಬ್ಯಾಂಕು. ನಮ್ಮ ಡಿಗ್ರಿಯ ಫೀಜು ಹೋದದ್ದು ಆ ಕೊರಳಿನಿಂದಲೇ. ಗುಂಡು ಅಡವಿಟ್ಟ ದಿನ ಅವ್ವ ಅರಿಷಿಣದ ಕೊಂಬು ಕಟ್ಟಿಕೊಂಡಳು. “ಅದೂ ಹಳದೀನ ಐತಿ ಬಿಡ್ರಿ, ಯಾರು ನೋಡ್ತಾರ” ಅಂದಳು.

ಸುಂಕವಿಲ್ಲದ ಬಂಗಾರ ಗ್ರಾಮಿಗೆ 5000 ರೂಪಾಯಿ ಅಂತ ಇಟ್ಟುಕೊಳ್ಳಿ. ಶೇ. 15ರ ಕಾಲದಲ್ಲಿ ಸುಂಕವೇ 750. ಅದರ ಮೇಲೆ ಶೇ. 3 ಜಿಎಸ್‌ಟಿ, ಅಂದರೆ ಸುಂಕಕ್ಕೂ ತೆರಿಗೆ, ಇನ್ನೊಂದು 22 ರೂಪಾಯಿ. 2023-24ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 316. ಒಂದು ಗ್ರಾಂ ಬಂಗಾರಕ್ಕೆ ಸುಂಕಕ್ಕೆಂದೇ ಸುಮಾರು ಎರಡೂವರೆ ದಿನ ಮಣ್ಣು ಹೊರಬೇಕು. ಬಂಗಾರದ ಬೆಲೆ ಬೇರೆ, ಕೂಲಿ ಮುರಿಯುವುದು ಬೇರೆ.

ಉಳ್ಳವರಿಗೆ ದಾರಿ ಬೇರೆ ಇತ್ತು. 2015ರಿಂದ 2024ರ ತನಕ ಸರಕಾರವೇ ಬಂಗಾರದ ಬಾಂಡು ಮಾರಿತು. ಅದಕ್ಕೆ ಜಿಎಸ್‌ಟಿ ಇಲ್ಲ, ಕೂಲಿ ಮುರಿಯುವುದಿಲ್ಲ. ಮೇಲೆ ಸರಕಾರವೇ ವರ್ಷಕ್ಕೆ ಶೇ. 2.5ಕ್ಕೆ ಕಡಿಮೆಯಿಲ್ಲದ ಬಡ್ಡಿ ಕೊಟ್ಟಿತು. ಅವರ ಬಂಗಾರ ಬಡ್ಡಿ ತರುತ್ತದೆ. ನಮ್ಮ ಬಂಗಾರಕ್ಕೆ ನಾವೇ ಬಡ್ಡಿ ಕಟ್ಟುತ್ತೇವೆ. ಇನ್ನು 2024ರಲ್ಲಿ ಸುಂಕ ಇಳಿದಾಗ? ಬೆಲೆ ಬಿತ್ತು. ಹೊಸದಾಗಿ ಕೊಳ್ಳುವವರಿಗೆ ಸಿಹಿ ಸುದ್ದಿ. ಹಿಂದಿನ ವರ್ಷ ಶೇ. 15 ಕೊಟ್ಟು ಕೊಂಡವಳು ಆ ವಾರವೇ ಅಡವಿಡಲು ಹೋದರೆ ಕಟ್ಟಿದ ಸುಂಕದಲ್ಲಿ 9 ಪಾಲು ಗಾಳಿಗೆ ಹೋಗಿತ್ತು. ಇದ್ದವನು ಬೆಲೆ ಏರುವ ತನಕ ಕಾಯುತ್ತಾನೆ. ಜ್ವರ ಕಾಯುವುದಿಲ್ಲ.

ಬಂಗಾರ ಹುಡುಕುತ್ತ ಬಂದವನೇ ಮಸ್ಕಿಯ ಶಾಸನವನ್ನೂ ಕಂಡದ್ದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಬಂಡೆಯ ಮೇಲಿನ ಅಕ್ಷರ ಕಂಡ. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು ಅದರಿಂದ. ಆ ಬಂಡೆಯ ಮಾತಿನ ತಿರುಳು ನಮಗೆ ಮುಖ್ಯ. ಧರ್ಮದ ಗುರಿಯನ್ನು ಸಣ್ಣವನೂ ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಎನ್ನುತ್ತದೆ ಅದು. ಸಣ್ಣವನ ಹೆಸರು ತೆಗೆದ ರಾಜಶಾಸನ ನಮ್ಮ ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಇತ್ತು. ಇವತ್ತಿನ ಸುಂಕದ ಆದೇಶದಲ್ಲಿ ಸಣ್ಣವನು ಎಲ್ಲಿದ್ದಾನೆ?

ಹತ್ತಿಯ ಕತೆ ಕೇಳಿ. ಮಸ್ಕಿ, ಲಿಂಗಸುಗೂರು ಕಡೆ ಮಳೆ ನಂಬಿದ ಹೊಲಗಳಲ್ಲಿ ಹತ್ತಿ, ತೊಗರಿ. 2021ರ ಫೆಬ್ರವರಿಯಲ್ಲಿ ಹೊರಗಿನ ಹತ್ತಿಗೆ ಎಲ್ಲ ಸೇರಿ ಶೇ. 11 ಸುಂಕ ಬಿತ್ತು. ರೈತನ ರಕ್ಷಣೆಗೆ ಅಂದರು. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ ಶೇ. 50 ಸುಂಕ ಹೇರಿತು. ಬಟ್ಟೆ ಗಿರಣಿಗಳು ಕಂಗಾಲಾದವು. ಗಿರಣಿಗಳನ್ನು ಉಳಿಸಲು ದಿಲ್ಲಿ ಅದೇ ಆಗಸ್ಟ್ 19ರಿಂದ ಹತ್ತಿಯ ಆಮದು ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್ ಕೊನೆಯ ತನಕ ಅಂದರು, ಆಮೇಲೆ ಡಿಸೆಂಬರ್ 31ರ ತನಕ ಎಳೆದರು. ನಮ್ಮ ಹೊಲದಲ್ಲಿ ಹತ್ತಿ ಒಡೆಯುವುದು ಯಾವಾಗ? ಅದೇ ತಿಂಗಳುಗಳಲ್ಲಿ. ಆ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 8110 ಅಂತ ಸಾರಿದ್ದರು. ಆದರೆ ಆ ಬೆಲೆಗೆ ಮಾರಬೇಕಾದರೆ ಪಹಣಿ ಬೇಕು, ಹೆಸರು ನೋಂದಾಯಿಸಬೇಕು. ಕೋರಿಗೆ ಮಾಡಿದವನ ಹತ್ತಿರ ಪಹಣಿ ಇಲ್ಲ. ದಲ್ಲಾಳಿ ಕೇಳಿದ ರೇಟಿಗೆ ಸುರಿದು ಬರಬೇಕು.

ಅವನ ಕೆಳಗೆ ಇನ್ನೊಬ್ಬಳು ಇದ್ದಾಳೆ. ಹತ್ತಿ ಬಿಡಿಸುವವಳು. ಅವಳಿಗೆ ಕೂಲಿ ಕಿಲೋ ಲೆಕ್ಕದಲ್ಲಿ. “ಹೊರಗಿಂದ ಹತ್ತಿ ಬರಾಕ ಹತ್ತೈತಿ, ರೇಟು ಬಿದ್ದೈತಿ, ಹೋದ ವರ್ಷದಷ್ಟು ಕೊಡಾಕ ಆಗಂಗಿಲ್ಲ” ಅಂದರೆ ಮುಗಿಯಿತು. ಅಮೆರಿಕದ ಅಧ್ಯಕ್ಷನ ಸಹಿ ನಮ್ಮಕ್ಕನ ಉಡಿಗೆ ಬಂದು ಬೀಳುವುದು ಹೀಗೆ. ಸುಂಕ ಇದ್ದ ವರ್ಷಗಳಲ್ಲಿ, ರೇಟು ಚಲೋ ಐತಿ, ಕಿಲೋಕ್ಕೆ ಎರಡು ರೂಪಾಯಿ ಹೆಚ್ಚು ತಗೋ ಅಂತ ಯಾರಾದರೂ ತಾವಾಗಿ ಕೊಟ್ಟರೆ? ನಾವು ಕೇಳಿಲ್ಲ.

ಸಿಂಧನೂರಿಗೆ ಬನ್ನಿ. ತುಂಗಭದ್ರೆಯ ಎಡದಂಡೆ ಕಾಲುವೆ, ಹಸಿರು ಗದ್ದೆ, ಅಕ್ಕಿ ಗಿರಣಿ. ಒಣಭೂಮಿಯ ಹೆಣ್ಣುಮಕ್ಕಳು ಟಂಟಂ ಗಾಡಿಯಲ್ಲಿ ತುಂಬಿಕೊಂಡು ಕ್ಯಾಂಪುಗಳಿಗೆ ನಾಟಿಗೆ ಬರುತ್ತಾರೆ. ಸಂಜೆ ಮರಳುವಾಗ ಕೈಯಲ್ಲಿ ಎಣ್ಣೆಯ ಪಾಕೀಟು. ತಾಳೆ ಎಣ್ಣೆ. ಯಾಕೆಂದರೆ ಅದೇ ಅಗ್ಗ. ದೇಶ ಉಣ್ಣುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2024ರ ಸೆಪ್ಟೆಂಬರ್ 14ರಂದು ಕಚ್ಚಾ ಎಣ್ಣೆಯ ಸುಂಕ ಎಲ್ಲ ಸೇರಿ ಶೇ. 5.5ರಿಂದ 27.5ಕ್ಕೆ ಹಾರಿತು. ಎಣ್ಣೆಕಾಳು ಬೆಳೆಯುವ ರೈತನಿಗೆ ಬೆಲೆ ಸಿಗಲಿ ಎಂಬುದು ಉದ್ದೇಶ. 2025ರ ಮೇ ಕೊನೆಗೆ ಶೇ. 16.5ಕ್ಕೆ ಇಳಿಸಿದರು. ಹೊಲ ಇದ್ದವನಿಗೆ ಒಂದು ಕೈಯಲ್ಲಿ ಹೋದದ್ದು ಇನ್ನೊಂದು ಕೈಯಲ್ಲಿ ಬಂದೀತು. ಶೇಂಗಾ ಇಲ್ಲದ, ಸೂರ್ಯಪಾನ ಇಲ್ಲದ, ಹೊಲವೇ ಇಲ್ಲದ ನಮಗೆ ಒಂದೇ ಕೈ, ಕೊಡುವ ಕೈ. ಮಿರ್ಚಿ ಬಜಿ ಮಾರುವವಳು ರೇಟು ಏರಿಸಿದರೆ ಗಿರಾಕಿ ಬರುವುದಿಲ್ಲ, ಹಾಗಾಗಿ ಬಜಿ ಸಣ್ಣದಾಗುತ್ತದೆ. ಕೇರಿಯ ಸಾರಿನಲ್ಲಿ ಒಗ್ಗರಣೆ ಸಣ್ಣದಾಗುತ್ತದೆ. ಇದು ಯಾವ ಅಂಕಿಅಂಶದ ಪುಸ್ತಕದಲ್ಲೂ ಸಿಗುವುದಿಲ್ಲ.

ಗೆಳೆಯರೆ, ಈಗ ಲೆಕ್ಕ ಕೂಡಿಸಿ. ಸುಂಕ ಏರಿದರೆ ಎಣ್ಣೆ ಕೊಳ್ಳುವವರು ನಾವು. ಸುಂಕ ಇಳಿದರೆ ಹತ್ತಿ ಬಿಡಿಸುವವರು ನಾವು. ಏರಿದ್ದಾಗ ತಾಳಿ ಕೊಂಡವರು ನಾವು, ಇಳಿದಾಗ ಅಡವಿಟ್ಟವರೂ ನಾವು. ದೋಷ ಸುಂಕವೊಂದರಲ್ಲೇ ಇಲ್ಲ. ಎರಡೆಕರೆಯ ಹತ್ತಿ ರೈತ ನಮ್ಮ ಶತ್ರುವಲ್ಲ, ಅವನಿಗೆ ರಕ್ಷಣೆ ಬೇಕು. ಆದರೆ ಭಾರ ದಾಟಿಸುವ ಈ ಏಣಿಯನ್ನು ನಾವು ಬಲ್ಲೆವು. ಬಾಬಾಸಾಹೇಬರು ಅದಕ್ಕೆ ಶ್ರೇಣೀಕೃತ ಅಸಮಾನತೆ ಎಂದು ಹೆಸರಿಟ್ಟರು. ಪ್ರತಿ ಮೆಟ್ಟಿಲಿನವನಿಗೂ ಕೆಳಗೊಬ್ಬನಿದ್ದಾನೆ. ಕಟ್ಟಕಡೆಯ ಮೆಟ್ಟಿಲಿನವನಿಗೆ ಕೆಳಗೆ ನೆಲ ಮಾತ್ರ.

ಅವರು 1923ರಲ್ಲಿ ರೂಪಾಯಿಯ ಸಮಸ್ಯೆಯ ಬಗ್ಗೆ ಪುಸ್ತಕ ಬರೆದಾಗ ಇದನ್ನೇ ಕೆದಕಿದ್ದರು. ರೂಪಾಯಿ ಅಗ್ಗವಾದರೆ ದೇಶಕ್ಕೆ ಲಾಭ ಎಂದು ವ್ಯಾಪಾರಸ್ಥರು ವಾದಿಸುತ್ತಿದ್ದರು. ಆ ಲಾಭ ಹೊರಗಿನಿಂದ ಬಂದದ್ದಲ್ಲ, ದೇಶದೊಳಗೇ ಒಂದು ವರ್ಗದಿಂದ ಕಿತ್ತು ಇನ್ನೊಂದು ವರ್ಗಕ್ಕೆ ಕೊಟ್ಟದ್ದು ಎಂಬುದು ಅವರ ವಾದ. ಬೆಲೆ ಓಡುತ್ತದೆ, ಕೂಲಿ ಕುಂಟುತ್ತದೆ. ದೇಶಕ್ಕೆ ಲಾಭ ಅಂದಾಗಲೆಲ್ಲ ಯಾವ ದೇಶ, ಯಾರ ದೇಶ ಅಂತ ಕೇಳುವುದನ್ನು ಅವರಿಂದ ಕಲಿಯಬೇಕು.

ಇನ್ನೊಂದು ಮಾತು. ಬಂಗಾರದ ಮೇಲೂ ಎಣ್ಣೆಯ ಮೇಲೂ 2021ರಿಂದ ಒಂದು ಸೆಸ್ ಕೂಡಿದೆ. ಅದರ ಹೆಸರು ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್. ಹೆಸರು ಚೆಂದ. ಆದರೆ ಸಂವಿಧಾನದ 270ನೇ ವಿಧಿಯಂತೆ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಇದೆ, ಸೆಸ್ಸಿನಲ್ಲಿ ಇಲ್ಲ. ಕರ್ನಾಟಕದಲ್ಲಿ 2013ರ ಕಾಯ್ದೆ ಇದೆ. ರಾಜ್ಯದ ಅಭಿವೃದ್ಧಿ ಹಣದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಜನಸಂಖ್ಯೆಗೆ ತಕ್ಕ ಪಾಲು ಇಡಬೇಕು ಎನ್ನುತ್ತದೆ ಅದು. ಪಾಲಾಗಿ ರಾಜ್ಯಕ್ಕೇ ಬಾರದ ಹಣದಲ್ಲಿ ನಮ್ಮ ಪಾಲನ್ನು ಎಣಿಸುವುದು ಹೇಗೆ? ಕೊಡುವಾಗ ನಮ್ಮನ್ನು ಎಣಿಸುತ್ತಾರೆ. ಹಂಚುವಾಗ ಹೆಸರು ಬದಲಾಗಿರುತ್ತದೆ.

ಹಳ್ಳಿಯ ಮೇಷ್ಟ್ರುಗಳೆ, ಶೇಕಡಾ ಲೆಕ್ಕ ಕಲಿಸುವಾಗ ಪುಸ್ತಕದ ಮಾವಿನಹಣ್ಣಿನ ಲೆಕ್ಕ ಒಂದು ದಿನ ಬಿಡಿ. ಮಕ್ಕಳಿಗೆ ಮನೆಯಿಂದ ಎಣ್ಣೆ ಪಾಕೀಟಿನ ಬೆಲೆ, ಅವ್ವನ ದಿನಗೂಲಿ ಬರೆದು ತರಲು ಹೇಳಿ. ಬೋರ್ಡಿನ ಮೇಲೆ ಸುಂಕ ಬಿಡಿಸಿ ತೋರಿಸಿ. ವಿದ್ಯಾರ್ಥಿ ಗೆಳೆಯರೆ, ಸುಂಕ ಬದಲಾದ ದಿನ ಪೇಟೆಯ ದರ ಬರೆದಿಡಿ, ತಿಂಗಳು ಬಿಟ್ಟು ಕೂಲಿಯ ದರ ಬರೆದಿಡಿ. ಕೂಲಿ ಸಂಘಗಳು ಹತ್ತಿಯ ಹಂಗಾಮಿಗೆ ಮೊದಲೇ ಕಿಲೋ ದರ ಕಟ್ಟಿಸಿಕೊಳ್ಳಲಿ, ಎಣ್ಣೆಯನ್ನು ರೇಷನ್ನಿನಲ್ಲಿ ಕೇಳಲಿ. ಸುಂಕದವನ ಮುಂದೆ ಸುಖದುಃಖ ಹೇಳಿ ಪ್ರಯೋಜನವಿಲ್ಲ, ಹಿರಿಯರ ಮಾತು ಸರಿ. ಅವನ ಮುಂದೆ ಲೆಕ್ಕ ಇಡಬೇಕು.